ಹಸಿರು ಬಳೆ ತೊಟ್ಟು ಕಾಶಿಗೆ

ಮನೆಯವರೆಲ್ಲ ಸಿನಿಮಾಕ್ಕೆ ಹೊರಟ ದಿನ ನನ್ನ ಪಕ್ಕದ ಕುರ್ಚಿಗಾಗಿ ಜಗಳವಾಗುತ್ತದೆ. ಯಾರು ಕೂರಬೇಕೆಂದಲ್ಲ, ಯಾರು ಕೂರಬಾರದೆಂದು. ಮೊಮ್ಮಕ್ಕಳು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಾರೆ, ಸೊಸೆ ನಕ್ಕು ತಾನೇ ಆ ಕಷ್ಟವನ್ನು ವಹಿಸಿಕೊಳ್ಳುತ್ತಾಳೆ. ತಪ್ಪು ಅವರದಲ್ಲ. ಪರದೆಯ ಮೇಲೆ ಯಾರಾದರೂ ಬಾಗಿಲು ತೆರೆದರೆ ಸಾಕು, ನನ್ನ ಗಂಟಲು ನನ್ನನ್ನು ಕೇಳದೆಯೇ "ನೋಡ್ರಿ, ಈಗ ಬಾಗಲಾ ತಗದ್ಲು" ಎಂದುಬಿಡುತ್ತದೆ. ಕಣ್ಣಿದ್ದವರಿಗೆಲ್ಲ ಕಂಡದ್ದನ್ನು ಮತ್ತೊಮ್ಮೆ ಕೂಗಿ ಹೇಳುವ ಈ ಚಟವನ್ನು ಬಿಡಬೇಕೆಂದು ಎಷ್ಟೋ ಸಲ ನಿಶ್ಚಯಿಸಿದ್ದೇನೆ. ಆದರೆ ಗೆಳೆಯಾ, ಒಂದು ಕಾಲಕ್ಕೆ ಅದೇ ನನ್ನ ಸಾಯಂಕಾಲದ ಉದ್ಯೋಗವಾಗಿತ್ತೆಂದು ಇವರಿಗೆ ಹೇಗೆ ತಿಳಿಸಲಿ?

ಆಗ ನಾನು ಗಂಗಾವತಿಯಲ್ಲಿ ಸಾಲಿ ಮಾಸ್ತರ. ನಿಜಾಮರ ಸೀಮೆಯಾದ್ದರಿಂದ ಸಾಲೆಯಲ್ಲಿ ಉರ್ದು, ಮನೆಯಲ್ಲಿ ಕನ್ನಡ. ಒಂದು ನಾಲಿಗೆಗೆ ಎರಡು ಸಂಸಾರ. ದೊಡ್ಡ ಯುದ್ಧ ನಡೆದಿತ್ತು, ಸೀಮೆಎಣ್ಣೆ ಔಷಧದಷ್ಟು ಅಪರೂಪವಾಗಿತ್ತು, ಆದರೂ ಸುಗ್ಗಿ ಮುಗಿದೊಡನೆ ಖಾದರಸಾಹೇಬರ ಸಿನಿಮಾ ಡೇರೆ ಸಂತೆ ಬಯಲಿನಲ್ಲಿ ಏಳುವುದು ತಪ್ಪುತ್ತಿರಲಿಲ್ಲ. ಚಿತ್ರಗಳು ಮಾತಾಡಲು ಕಲಿತು ಆಗಲೇ ಹತ್ತು ವರ್ಷಗಳಾಗಿದ್ದವು. ಏನು ಮಾಡುವುದು, ಅವು ಕಲಿತದ್ದು ಹಿಂದಿ. ನಮ್ಮ ಕಡೆಯ ಒಕ್ಕಲುಮಕ್ಕಳಿಗೆ ಅದು ತಿಳಿಯದು. ಆದ್ದರಿಂದ ಪರದೆಯ ಪಕ್ಕ ಒಂದು ಎತ್ತರದ ಸ್ಟೂಲು, ಅದರ ಮೇಲೆ ನಾನು, ನನ್ನ ಬಾಯಿಗೆ ತಗಡಿನ ಭೋಂಗಾ. ನಾಯಕಿ ಅತ್ತರೆ ಏಕೆ ಅತ್ತಳೆಂದು, ನಾಯಕ ಸಿಟ್ಟಾದರೆ ಯಾರ ಮೇಲೆಂದು ನಾನು ಕನ್ನಡದಲ್ಲಿ ಸಾರಬೇಕು. ಖಾದರಸಾಹೇಬರು ಎಲ್ಲರೆದುರಿಗೂ "ಪರದೆ ನಂದು, ಕಥಿ ಮಾಸ್ತರದು" ಎನ್ನುತ್ತಿದ್ದರು. ನಾನು ಆ ಮಾತಿಗೆ ಉಬ್ಬುತ್ತಿದ್ದೆ.

ಆ ವರ್ಷ ಬರಬೇಕಾಗಿದ್ದ ಚಿತ್ರ ಮುಂಬಯಿಯ ಒಬ್ಬ ನಿರ್ದೇಶಕನದು. ಕೆಣಕುವುದೇ ಅವನ ಕಸಬೆಂದು ಹುಬ್ಬಳ್ಳಿಯಿಂದ ವಾರಕ್ಕೊಮ್ಮೆ ಬರುವ ಪತ್ರಿಕೆ ಬರೆದಿತ್ತು. ಎಳೆಯ ವಿಧವೆಯೊಬ್ಬಳು ಹಗಲು ಹೊತ್ತಿನಲ್ಲಿ, ಮುಂಬಾಗಿಲಿನಿಂದ, ಮಾವನ ಕಣ್ಣೆದುರಿಗೇ ಹೊರಟು ಇನ್ನೊಂದು ಮದುವೆಯಾಗುತ್ತಾಳೆ ಎಂಬುದು ಕಥೆ. ಪತ್ರಿಕೆಯ ಆ ಒಂದೇ ಪ್ರತಿ ಕೈಯಿಂದ ಕೈಗೆ ಹೋಗಿ ಮೃದುವಾಯಿತು, ಸುದ್ದಿ ಮಾತ್ರ ಗಟ್ಟಿಯಾಗುತ್ತ ಹೋಯಿತು. ಕೊಪ್ಪಳದಲ್ಲಿ ಆ ನಟಿ ನಿಜವಾಗಿಯೂ ವಿಧವೆಯಂತೆ ಎಂದರು. ಕುಷ್ಟಗಿಗೆ ತಲುಪುವಷ್ಟರಲ್ಲಿ ನಿರ್ದೇಶಕನೇ ಅವಳನ್ನು ಓಡಿಸಿಕೊಂಡು ಬಂದಿದ್ದ. ಯಲಬುರ್ಗಾದಲ್ಲಿ ಅವನು ತಂದೆಯ ಶ್ರಾದ್ಧದ ದಿನವೇ ಚಿತ್ರ ಆರಂಭಿಸಿದನೆಂದು ತಿಥಿ ಸಮೇತ ಹೇಳಿದರು. ನಮ್ಮ ಗಂಗಾವತಿಯಲ್ಲಿ, ನಮ್ಮ ಮಠದ ಓಣಿಯ ಕಟ್ಟೆಯ ಮೇಲೆ, ಈ ಮೂರೂ ಸುದ್ದಿ ಕೂಡಿ ಒಂದಾದವು. ಚಿತ್ರವನ್ನು ಒಬ್ಬರೂ ನೋಡಿರಲಿಲ್ಲ, ಅದರ ಬಗ್ಗೆ ಅಭಿಪ್ರಾಯವಿಲ್ಲದವರೂ ಒಬ್ಬರೂ ಇರಲಿಲ್ಲ. ಕಾಣದ ವಸ್ತುವಿನ ಮೇಲೆ ಮನುಷ್ಯನಿಗೆ ಎಷ್ಟು ನಿಷ್ಠುರ ನಂಬಿಕೆ ಬರುತ್ತದೆಂಬುದನ್ನು ನಾನು ಆ ಬೇಸಗೆಯಲ್ಲಿ ಕಲಿತೆ.

ಅವರ ವಿಷಯ ಹಾಗಿರಲಿ, ನನ್ನದನ್ನು ಹೇಳುತ್ತೇನೆ. ನನ್ನ ತಂಗಿ ಗೋದಾವರಿ ನಮ್ಮ ಮನೆಯಲ್ಲೇ ಇದ್ದಳು. ಅವಳ ಹದಿನಾಲ್ಕನೆಯ ವಯಸ್ಸಿಗೇ ಗಂಡ ವಿಷಮಶೀತ ಜ್ವರದಿಂದ ತೀರಿಕೊಂಡಿದ್ದ, ನಾನು ಹೇಳುತ್ತಿರುವ ಕಾಲಕ್ಕೆ ಅವಳಿಗೆ ಇಪ್ಪತ್ತನಾಲ್ಕು. ಹಿಂದಿನ ಮಳೆಗಾಲದಲ್ಲಿ ನನ್ನ ಹೆಂಡತಿಗೆ ಚಳಿಜ್ವರ ಬಂದು ಕೊಪ್ಪಳದ ದವಾಖಾನೆಯಲ್ಲಿಡಬೇಕಾದಾಗ ಆರೈಕೆಗೆಂದು ಹೋದವಳು ಇವಳೇ. ಅಲ್ಲಿನ ಕಾಂಪೌಂಡರ್ ವಾಸುದೇವರಾಯರು ಎಂಟು ದಿನ ಅವಳನ್ನು ಕಂಡರು, ಒಂಬತ್ತನೆಯ ದಿನ ನಾವು ಊರಿಗೆ ಮರಳಿದೆವು, ತಿಂಗಳೊಳಗೆ ನನಗೊಂದು ಪತ್ರ ಬಂತು. ನಿಮ್ಮ ತಂಗಿಯವರನ್ನು ಮದುವೆಯಾಗುವ ಇಚ್ಛೆ ಇದೆ, ನಿಮ್ಮ ಒಪ್ಪಿಗೆ ತಿಳಿಸಿರಿ ಎಂದು ನೇರವಾಗಿ ಬರೆದಿದ್ದರು. ಪತ್ರವನ್ನು ನಾನು ಹೆಂಡತಿಗೆ ಓದಿ ಹೇಳಿದೆ. ಅಡುಗೆಮನೆಯಲ್ಲಿದ್ದ ಗೋದಾವರಿಗೆ ಕೇಳಿಸಿತೆಂಬುದು ನನಗೂ ಗೊತ್ತು, ಕೇಳಿಸಿತೆಂದು ನನಗೆ ಗೊತ್ತಾಯಿತೆಂಬುದು ಅವಳಿಗೂ ಗೊತ್ತು. ಆರು ತಿಂಗಳು ನಾವು ಆ ಮಾತನ್ನೇ ಎತ್ತಲಿಲ್ಲ.

ನನಗೆ ಮನಸ್ಸಿರಲಿಲ್ಲವೆಂದು ತಿಳಿಯಬೇಡ. ಮನಸ್ಸಿತ್ತು, ಎದೆಯಿರಲಿಲ್ಲ. ಈ ಚಿತ್ರದ ಸುದ್ದಿ ಬಂದಾಗ ನಾನು ಒಳಗೊಳಗೇ ಒಂದು ಲೆಕ್ಕಾಚಾರ ಹಾಕಿದೆ: ಚಿತ್ರ ಬರಲಿ, ಊರು ಹೇಗೆ ತೆಗೆದುಕೊಳ್ಳುತ್ತದೋ ನೋಡೋಣ, ಪರದೆಯ ಮೇಲಿನವಳನ್ನು ಸಹಿಸಿದರೆ ನಮ್ಮವಳನ್ನೂ ಸಹಿಸೀತು. ಯಾರೋ ಅಪರಿಚಿತ ನಿರ್ದೇಶಕನ ಹೆಗಲ ಮೇಲೆ ನನ್ನ ಜವಾಬ್ದಾರಿ ಇಟ್ಟು ನಾನು ಭೋಂಗಾ ಒರೆಸುತ್ತ ಕೂತೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಡೇರೆಗೆ ಚಿತ್ರ ಬರುವ ವಾರ ಭೀಮಾಚಾರ್ಯರು ನಮ್ಮ ಮನೆಗೆ ಬಂದರು. ಓಣಿಯಲ್ಲಿ ಅವರ ಮಾತನ್ನು ಮೀರಿದವರಿಲ್ಲ. ಅಂಜಿಸಿ ಅಲ್ಲ, ಅಕ್ಕರೆಯಿಂದ ಗಳಿಸಿದ ಗೌರವ ಅದು. ನನಗೆ ಅಕ್ಷರ ತಿದ್ದಿಸಿದವರೂ ಅವರೇ. ಚಾಪೆಯ ಮೇಲೆ ಕೂತು ನೀರು ಕುಡಿದು, ಬಹಳ ಮೆತ್ತಗೆ ಹೇಳಿದರು.

"ಚಿತ್ರ ಬರೂದು ಬ್ಯಾಡ ಅನ್ನಂಗಿಲ್ಲ ನಾನು. ಖಾದರಸಾಹೇಬಂದೂ ಹೊಟ್ಟಿ ಅದ. ಆದ್ರ ಹಿಂದಿ ಯಾರಿಗೆ ತಿಳೀತದ ಇಲ್ಲೆ? ಎಲ್ಲಾ ನಿನ್ನ ಬಾಯಾಗ ಅದ. ಕಡೀಕ ಆಕಿ ಮನಿ ಬಿಟ್ಟು ಹೊಂಟಾಗ, ಕಾಶಿಗೆ ಹೊಂಟಾಳ ಅಂತ ಹೇಳಿಬಿಡು. ಎಲ್ಲಾರ್ದೂ ಮರ್ಯಾದಿ ಉಳೀತದ."

ನನಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ನೆಮ್ಮದಿ. ಚಿತ್ರವೂ ನಡೆಯುತ್ತದೆ, ಜಗಳವೂ ಆಗುವುದಿಲ್ಲ, ರಾಯರಿಗೆ ನಾನು ಬರೆಯಬೇಕಾದ ಉತ್ತರವೂ ಇನ್ನೊಂದಿಷ್ಟು ದಿನ ಮುಂದೆ ಹೋಗುತ್ತದೆ. ಹೂಂ ಎಂದೆ. ಮುಂಬಯಿಯಲ್ಲಿ ಒಬ್ಬ ಮನುಷ್ಯ ವರ್ಷಗಟ್ಟಲೆ ಬೈಗುಳ ತಿಂದು, ಆದರೂ ಹಿಂಜರಿಯದೆ ಒಂದು ಹೆಣ್ಣನ್ನು ಹೊಸಿಲು ದಾಟಿಸಿದ್ದ. ಅವಳನ್ನು ನಾನು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ತೀರ್ಥಯಾತ್ರೆಗೆ ಅಟ್ಟಿಬಿಟ್ಟೆ. ಸುಳ್ಳು ಹೇಳಲು ಧೈರ್ಯ ಬೇಕೆನ್ನುತ್ತಾರಲ್ಲ, ನನ್ನ ಅನುಭವದಲ್ಲಿ ಅದಕ್ಕೆ ಬೇಕಾದದ್ದು ಸ್ವಲ್ಪ ಸೌಜನ್ಯ, ಅಷ್ಟೇ.

ಚಿತ್ರದ ಕಥೆಯ ಉರ್ದು ಪುಸ್ತಿಕೆ ಮೊದಲೇ ಬಂದಿತ್ತು; ಮದುವೆಯನ್ನು ಪರದೆಯ ಮೇಲೆ ತೋರಿಸುವುದಿಲ್ಲವೆಂದು ಅದರಿಂದ ತಿಳಿದಿತ್ತು. ಅದನ್ನಿಟ್ಟುಕೊಂಡು ಮನೆಯಲ್ಲಿ ದಿನವೂ ಅಭ್ಯಾಸ ಮಾಡುತ್ತಿದ್ದೆ. ಕೊನೆಯ ಭಾಗಕ್ಕೆ ಬಂದು "ಕಾಶೀ ವಿಶ್ವನಾಥನ ಪಾದಕ್ಕ ಹೊಂಟಾಳ ತಾಯಿ" ಎಂದು ದನಿ ಏರಿಸಿದಾಗ ಅಡುಗೆಮನೆಯಲ್ಲಿ ಒನಕೆಯ ಸದ್ದು ನಿಂತಿತು. ಗೋದಾವರಿ ಬಾಗಿಲಿಗೆ ಬಂದು ನಿಂತಳು. "ಈ ಸಲ ಸಿನಿಮಾಕ್ಕ ನಾನೂ ಬರ್ತೀನಿ" ಎಂದಳು. ಹತ್ತು ವರ್ಷಗಳಲ್ಲಿ ಅವಳು ಡೇರೆಯ ಕಡೆ ತಲೆ ಹಾಕಿದವಳಲ್ಲ. ನಾನು ಪುಸ್ತಿಕೆ ಮಡಿಸಿ ಹೂಂ ಎಂದೆ.

ಆ ದಿನ ಹೊತ್ತು ಮುಳುಗುವ ಮೊದಲೇ ಡೇರೆ ತುಂಬಿತ್ತು. ಆನೆಗೊಂದಿಯಿಂದ, ಕಾರಟಗಿಯಿಂದ ಬಂಡಿ ಕಟ್ಟಿಕೊಂಡು ಬಂದಿದ್ದರು; ಅವರ ಹಳ್ಳಿಗಳಿಗೆ ಗದ್ದಲವಷ್ಟೇ ತಲುಪಿತ್ತು, ಕಥೆ ತಲುಪಿರಲಿಲ್ಲ. ತಿಂಗಳುಗಟ್ಟಲೆ ಕಾದ ಭಯಂಕರವಾದದ್ದೇನೋ ಇವತ್ತು ಕಾಣುತ್ತದೆಂಬ ಹುರುಪು ಎಲ್ಲರ ಮುಖದಲ್ಲಿ. ನಡುವೆ ಕಟ್ಟಿದ ಬಟ್ಟೆಯ ಆಚೆ ಹೆಂಗಸರು, ಅವರ ನಡುವೆ ನನ್ನ ಹೆಂಡತಿ, ಗೋದಾವರಿ. ಈಚೆ ಮುಂದಿನ ಸಾಲಿನ ಕುರ್ಚಿಯಲ್ಲಿ ಭೀಮಾಚಾರ್ಯರು, ಜೀವಮಾನದಲ್ಲಿ ಮೊದಲ ಸಲ. ಚಿತ್ರ ಶುರುವಾಯಿತು. ನಾನು ಹೇಳುತ್ತ ಹೋದೆ. ಕೊನೆಗೆ ಆ ದೃಶ್ಯ ಬಂತು: ಅವಳು ಪೆಟ್ಟಿಗೆ ತೆರೆದಳು, ಜರಿಸೀರೆ ಉಟ್ಟಳು, ಎರಡೂ ಕೈಗೆ ಬಳೆ ಏರಿಸಿದಳು. ಅಂಗಳದಲ್ಲಿ ಕೂತ ಮಾವನನ್ನು ದಾಟಿ, ತಲೆ ಎತ್ತಿಕೊಂಡು, ಹೊಸಿಲಾಚೆ ಕಾಲಿಟ್ಟಳು. ನಾನು ಭೋಂಗಾ ಎತ್ತಿ ಕೂಗಿದೆ: "ನೋಡ್ರಿ ಮಹಾಜನರ, ಸಂಸಾರ ಸಾಕಾಗಿ ತಾಯಿ ಕಾಶಿಗೆ ಹೊಂಟಾಳ!"

ಸರಿಯಾಗಿ ಆಗಲೇ ರೀಲು ಮುಗಿಯಿತು. ಖಾದರಸಾಹೇಬರ ಹತ್ತಿರ ಇದ್ದದ್ದು ಒಂದೇ ಯಂತ್ರ. ರೀಲು ಬದಲಿಸುವಾಗಲೆಲ್ಲ ದೀಪ ಹಾಕುತ್ತಿದ್ದರು. ದೀಪ ಹೊತ್ತಿತು. ಹೆಂಗಸರ ಕಡೆಯಿಂದ ಒಂದು ದೊಡ್ಡ ದನಿ ಬಂತು, ಕಾರಟಗಿಯಿಂದ ಬೆಣ್ಣೆ ತಂದು ಮಾರುವ ಹನುಮವ್ವನದು.

"ಯಪ್ಪಾ ಮಾಸ್ತರ, ಕೈತುಂಬ ಬಳಿ ಇಟ್ಕೊಂಡು ಯಾರರ ಕಾಶಿಗೆ ಹೊಕ್ಕಾರೇನ್ರಿ? ಆಕಿ ಉಡಕಿ ಆಗಾಕ ಹೊಂಟಾಳ. ನಾನೂ ಉಡಕಿ ಆದಾಕಿನ, ನನಗ ಗೊತ್ತಾಗಂಗಿಲ್ಲೇನು?"

ಡೇರೆ ನಕ್ಕಿತು. ಅದು ಹೀಯಾಳಿಸುವ ನಗೆಯಲ್ಲ, ಮನೆಯ ಮಾತು ಕೇಳಿದಾಗ ಬರುವ ನಗೆ. "ನಮ್ಮವ್ವಂದೂ ಉಡಕಿನ" ಎಂದ ಒಬ್ಬ. ಹಿಂದಿನಿಂದ ಇನ್ನೊಬ್ಬ ಬೇಸರದಿಂದ, "ಇಷ್ಟಕ್ಕ ಇಷ್ಟು ದಿನಾ ಗದ್ಲಾ ಮಾಡಿದ್ರ್ಯಾ? ನಾವು ಏನೋ ಐತಿ ಅಂತ ಬಂಡಿ ಹೂಡಿಕೊಂಡು ಬಂದ್ವಿ!" ಎಂದ.

ಒಕ್ಕಲುತನದ ಎಷ್ಟೋ ಮನೆಗಳಲ್ಲಿ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಮತ್ತೊಂದು ಸಂಸಾರ ಕಟ್ಟಿಕೊಡುವ ಪದ್ಧತಿ ಅಜ್ಜ ಮುತ್ತಜ್ಜರ ಕಾಲದಿಂದ ಇದೆ. ಉಡಕಿ ಎಂದರೆ ಅದೇ. ವಾಲಗವಿಲ್ಲ, ದಿಬ್ಬಣವಿಲ್ಲ, ಆದರೆ ತಕರಾರೂ ಇಲ್ಲ. ಇದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಹನುಮವ್ವನ ಬೆಣ್ಣೆ ತಿಂದೇ ನಾನು ಬೆಳೆದವನು. ಆದರೂ 'ಊರು ಏನೆನ್ನುತ್ತದೋ' ಎಂದು ಆರು ತಿಂಗಳು ಹೆದರಿದಾಗ ನನ್ನ ಮನಸ್ಸಿನ ಊರಿನಲ್ಲಿ ಇವರು ಯಾರೂ ಇರಲಿಲ್ಲ. ನಾಲ್ಕು ಓಣಿಗಳನ್ನು ಊರೆಂದು ತಿಳಿದು, ಆ ನಾಲ್ಕು ಓಣಿಗಳಲ್ಲಿ ಬಾಯಿ ಮಾಡುವ ಹತ್ತು ಜನರನ್ನು ಲೋಕವೆಂದು ತಿಳಿದು ನಡುಗಿದ್ದೆ. ಪಾಪ, ಆ ನಿರ್ದೇಶಕನೂ ತಾನೇ ಮೊದಲಿಗನೆಂದು ಬೀಗುತ್ತಿದ್ದಿರಬೇಕು. ಹನುಮವ್ವ ಅವನಿಗಿಂತ ಇಪ್ಪತ್ತು ವರ್ಷ ಮುಂಚೆಯೇ ಹೊಸಿಲು ದಾಟಿ ಬೆಣ್ಣೆ ಮಾರುತ್ತ ಇದ್ದಳು.

ದೀಪ ಇನ್ನೂ ಉರಿಯುತ್ತಿತ್ತು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಭೀಮಾಚಾರ್ಯರು ಕಣ್ಣಿನಲ್ಲೇ ಬೇಡ ಎಂದರು. ನಾನು ಭೋಂಗಾ ಕೆಳಗಿಟ್ಟು ನನ್ನ ಸ್ವಂತ ದನಿಯಲ್ಲಿ ಹೇಳಿದೆ.

"ನಾ ಹೇಳಿದ್ದು ಸುಳ್ಳು. ಆಕಿ ಮದುವಿಗೇ ಹೊಂಟಾಳ. ಇನ್ನೊಂದು ಹೇಳ್ತೀನಿ, ಕೇಳ್ರಿ. ನನ್ನ ತಂಗಿ ಗೋದಾವರಿದೂ ಮದುವಿ ಮಾಡಾಂವಿದ್ದೀನಿ. ಕೊಪ್ಪಳದ ವಾಸುದೇವರಾಯರ ಜೋಡಿ."

ಯಾರೋ ಚಪ್ಪಾಳೆ ತಟ್ಟಿದರು. ಆಚಾರ್ಯರು ಎದ್ದು ಹೋಗುತ್ತಾರೆಂದುಕೊಂಡೆ, ಹೋಗಲಿಲ್ಲ. ಕೊನೆಯವರೆಗೂ ಕೂತು ನೋಡಿದರು. ಮರುದಿನದಿಂದ, ತಾವು ಬದುಕಿರುವವರೆಗೂ, ನಮ್ಮ ಮನೆಯ ನೀರು ಮುಟ್ಟಲಿಲ್ಲ. ದಾರಿಯಲ್ಲಿ ಕಂಡರೆ ಮಾತ್ರ ಗೋದಾವರಿ ಹೇಗಿದ್ದಾಳೆಂದು ತಪ್ಪದೆ ಕೇಳುತ್ತಿದ್ದರು. ಅವರ ನಿಶ್ಚಯವನ್ನು ನಾನು ದ್ವೇಷಿಸಲಾರೆ, ನನ್ನದನ್ನು ಬದಲಿಸಲೂ ಆರೆ. ಆ ನೋವು ಹಾಗೇ ಉಳಿಯಿತು. ಮದುವೆಯಂತೂ ಆಯಿತು, ಗೋದಾವರಿ ಕೊಪ್ಪಳದಲ್ಲಿ ನಲವತ್ತು ವರ್ಷ ತುಂಬು ಸಂಸಾರ ಮಾಡಿದಳು.

ಆದರೆ ಗೆಳೆಯಾ, ನಾನು ಅಂದು ಡೇರೆಯಿಂದ ಎದೆ ಉಬ್ಬಿಸಿಕೊಂಡು ಮನೆಗೆ ಬಂದವನು. ಊರೆದುರು ನಿಂತು ಸತ್ಯ ಹೇಳಿದ ಅಣ್ಣ! ಮರುದಿನ ಬೆಳಗ್ಗೆ ಸ್ನಾನ ಮಾಡಿ, ಪಡಸಾಲೆಯಲ್ಲಿ ಕೂತು, ವಾಸುದೇವರಾಯರಿಗೆ ಒಪ್ಪಿಗೆಯ ಪತ್ರ ಬರೆಯಲೆಂದು ಲೇಖಣಿ ಅದ್ದಿದೆ. ಗೋದಾವರಿ ಬಂದು ಎದುರಿಗೆ ಕೂತಳು. ಕಣ್ಣು ತುಂಬಿರಬಹುದೆಂದು ತಲೆ ಎತ್ತಿದೆ. ಒಣಗಿದ್ದವು, ನಿಚ್ಚಳವಾಗಿದ್ದವು.

"ಅಣ್ಣಾ, ಆಚಾರ್ರು ಆಕೀನ್ನ ಕಾಶಿಗೆ ಕಳಿಸಿದ್ರು. ನೀ ನನ್ನ ಕೊಪ್ಪಳಕ್ಕ ಕಳಿಸಿದಿ. ಸಾವಿರ ಮಂದೀಗೆ ಕೂಗಿ ಹೇಳಿದ್ಯಲ್ಲ, ಆರು ತಿಂಗಳದಾಗ ಒಂದ ಸಲ ನನ್ನ ಕೇಳಿದ್ಯೇನು?"

ನಾನು ಲೇಖಣಿ ಕೆಳಗಿಟ್ಟೆ. ಅವಳು ಕೈ ಚಾಚಿ ಕಾಗದವನ್ನೂ ಲೇಖಣಿಯನ್ನೂ ತನ್ನ ಕಡೆ ಎಳೆದುಕೊಂಡಳು. ನಾನೇ ಕಲಿಸಿದ ಅಕ್ಷರಗಳು. ಅರ್ಧ ತಾಸು ಬರೆದಳು, ಎರಡು ಸಲ ಹೊಡೆದುಹಾಕಿದಳು, ಮತ್ತೆ ಬರೆದಳು. ಮಡಿಸಿ ಲಕೋಟೆಗೆ ಹಾಕಿ ಅಂಟಿಸುವವರೆಗೆ ನಾನು ಹೇಗೋ ತಡೆದುಕೊಂಡೆ.

"ಏನ ಬರದಿ? ನನಗೂ ಒಂದಿಷ್ಟು ಹೇಳಬಾರದೇನು, ರಾಯರಿಗೆ ತಿಳಿಯೋ ಹಂಗ ನಾನೂ ಎರಡು ಮಾತು ಬಿಡಿಸಿ ಬರೀತೀನಿ" ಎಂದೆ.

ಅವಳು ಸೆರಗು ಸರಿಪಡಿಸಿಕೊಂಡು, ಅಂಚೆಗೆ ಹೋಗಲು ಎದ್ದಳು.

"ಬ್ಯಾಡಣ್ಣಾ, ಅವರಿಗೆ ಕನ್ನಡ ಬರ್ತದ."