ವಾದ್ಯವಿಲ್ಲದ ಮನೆಯ ಗಿಟಾರು

ನಮ್ಮದು ಉಡುಪಿ ಕಡೆಯ ವಾದ್ಯದವರ ಮನೆ. ಅಜ್ಜ ನಾಗಸ್ವರ ಊದುತ್ತಿದ್ದರು. ಅಪ್ಪ ಅದನ್ನು ಬಿಟ್ಟು ಸ್ಯಾಕ್ಸೋಫೋನ್ ಹಿಡಿದರು. ದೇವಸ್ಥಾನದಲ್ಲಿ ಬೆಳಿಗ್ಗೆ, ಸಂಜೆ ಸೇವೆ. ಸೀಸನ್ ಬಂತೆಂದರೆ ಮದುವೆ, ಗೃಹಪ್ರವೇಶ. ಅಣ್ಣನಿಗೆ ಪಾಠ ಹೇಳುವಾಗ ಪಕ್ಕದಲ್ಲಿ ಕೂತು ನಾನೂ ಕಲಿತೆ. ಮದುವೆಮನೆಗಳಲ್ಲಿ ಧಾರೆಯ ಹೊತ್ತಿಗೆ ಅಪ್ಪ ಹುಬ್ಬು ಹಾರಿಸಿದರೆ ಸಾಕು, ನಾವು ಮೂವರೂ ಒಟ್ಟಿಗೆ ಕಾಲ ಏರಿಸುತ್ತಿದ್ದೆವು. ಸ್ಯಾಕ್ಸೋಫೋನ್ ಅಂದರೆ ದೇವರ ಎದುರು, ವಧೂವರರ ಎದುರು ಊದುವ ವಾದ್ಯ ಎಂದೇ ನಾನು ತಿಳಿದಿದ್ದೆ. ಅದಕ್ಕೂ ಜಾಝ್ ಎಂಬ ಸಂಗೀತಕ್ಕೂ ಏನೋ ಸಂಬಂಧವಿದೆ ಎಂದು ಗೊತ್ತಾದದ್ದು ಅಹಮದಾಬಾದಿಗೆ ಬಂದು ಎಷ್ಟೋ ವರ್ಷಗಳಾದ ಮೇಲೆ.

ನನ್ನ ಗಂಡ ಮತ್ತು ಭಾವ ಅಲ್ಲಿಯ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ಒಂದು ಹೋಟೆಲು ನಡೆಸುತ್ತಾರೆ. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಫ್ಲ್ಯಾಟಿನಲ್ಲಿ ವಾದ್ಯ ಹೊರಗೆ ತೆಗೆದು ಊದಿದೆ. ಹತ್ತು ನಿಮಿಷ ಆಗಿರಲಿಲ್ಲ, ಕೆಳಗಿನ ಮನೆಯ ಹೆಂಗಸು ಬಾಗಿಲು ತಟ್ಟಿ, "ನಿಮ್ಮ ಮನೆಯಲ್ಲಿ ಯಾರ ಮದುವೆ?" ಎಂದು ನಗುತ್ತಾ ಕೇಳಿದಳು. ಅವಳು ಬಯ್ಯಲು ಬಂದದ್ದಲ್ಲ. ಆದರೂ ನನಗೆ ಸಂಕೋಚವಾಗಿ ಪೆಟ್ಟಿಗೆ ಮುಚ್ಚಿದೆ. ಆಮೇಲೆ ವರ್ಷಕ್ಕೊಮ್ಮೆ, ನಮ್ಮ ಕನ್ನಡದವರು ಸೇರಿ ಗಣಪತಿ ಕೂರಿಸುವಾಗ ಮಾತ್ರ ಅದು ಹೊರಗೆ ಬರುತ್ತಿತ್ತು.

ಹೋಟೆಲಿಗೆ ಪ್ರತಿ ಭಾನುವಾರ ಸಂಜೆ ಮೂವರು ಬರುತ್ತಿದ್ದರು. ಗಿಟಾರಿನ ಚೀಲ ಹೊತ್ತ ನಲವತ್ತೈದರ ಆಸುಪಾಸಿನ ಒಬ್ಬ ಗಂಡಸು, ಬಿಳಿ ಕೂದಲಿನ ಒಬ್ಬ ಹೆಂಗಸು, ಕೂತಲ್ಲೇ ಮೇಜು ಬಡಿಯುವ ಒಬ್ಬ ಯುವಕ. ಒಂದು ದಿನ ಅವರು ತಮ್ಮ ಜಾಝ್ ಬ್ಯಾಂಡಿನ ಸ್ಯಾಕ್ಸೋಫೋನಿನವನು ಪುಣೆಗೆ ವರ್ಗವಾಗಿ ಹೋದ ಎಂದು ಬೇಸರದಲ್ಲಿ ಮಾತಾಡುತ್ತಿದ್ದುದು ಗಲ್ಲಾದಲ್ಲಿ ಕೂತಿದ್ದ ನನ್ನ ಗಂಡನ ಕಿವಿಗೆ ಬಿತ್ತು. "ನನ್ನ ಹೆಂಡತಿ ಊದುತ್ತಾಳಲ್ಲ" ಎಂದರಂತೆ. ಶಹನಾಯಿಯನ್ನೇ ಇವರು ಸ್ಯಾಕ್ಸೋಫೋನ್ ಅಂದುಕೊಂಡಿದ್ದಾರೆ ಎಂದು ಅವರು ತಿಳಿದರು. ಗಣಪತಿ ಹಬ್ಬದ ವಿಡಿಯೋ ತೋರಿಸಿದ ಮೇಲೆಯೇ ಅವರಿಗೆ ನಂಬಿಕೆ ಬಂದದ್ದು.

ಇವರು ಮನೆಗೆ ಬಂದು ಹೇಳಿದಾಗ ನಾನು ಸಿಟ್ಟಾದೆ. "ನಿಮಗೆ ಎಂತ ಮಾರಾಯ್ರೆ, ಗುರುತಿಲ್ಲದವರ ಹತ್ರ ಎಲ್ಲ ಹೇಳಿ ಬರುವುದಾ?"

"ಒಂದು ಸಲ ಹೋಗಿ ನೋಡುವ. ಅಲ್ಲಿ ಕೆಳಗಿನ ಮನೆ ಅಂತ ಇಲ್ಲ, ಫ್ಯಾಕ್ಟರಿ" ಎಂದರು.

ಅದು ವಟ್ವಾದಲ್ಲಿ ಬಟ್ಟೆಯ ಬಣ್ಣ ತಯಾರಿಸುವ ಸಣ್ಣ ಕಾರ್ಖಾನೆ. ಗಿಟಾರಿನವರದೇ, ಅವರ ತಂದೆ ಕಟ್ಟಿದ್ದು. ಭಾನುವಾರ ಕೆಲಸ ಇರುವುದಿಲ್ಲ, ಆಫೀಸಿನ ಹಿಂದಿನ ಕೋಣೆಯಲ್ಲಿ ಅಭ್ಯಾಸ. ಮೂಗು ಉರಿಯುವ ವಾಸನೆ. ಮೊದಲ ದಿನ ವಾದ್ಯ ಒರೆಸಿದ ಬಟ್ಟೆ ಮನೆಗೆ ಬಂದು ನೋಡಿದರೆ ನೀಲಿಯಾಗಿತ್ತು.

ನಾನು ಚಪ್ಪಲಿ ಕಳಚಿ, ವಾದ್ಯ ಕಣ್ಣಿಗೊತ್ತಿಕೊಂಡು, ನೆಲದ ಮೇಲೆ ಕಾಲು ಮಡಚಿ ಕೂತೆ. ಅವರಲ್ಲಿ ಯಾರೂ ನೆಲದ ಮೇಲೆ ಕೂತಿರಲಿಲ್ಲ. ಯಾವ ಸ್ವರದಿಂದ ಶುರು ಮಾಡುವುದು ಎಂದು ಕೀಬೋರ್ಡ್ ನುಡಿಸುವ ಆ ಬಿಳಿ ಕೂದಲಿನವರು, ಎಲ್ಲರೂ ಟೀಚರ್ ಎನ್ನುತ್ತಿದ್ದವರು, ಕೇಳಿದರು. "ನನ್ನ ಶ್ರುತಿ ಎರಡೂವರೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಊದಿ ತೋರಿಸಿದೆ. ಅವರು ಒಂದು ಕಪ್ಪು ಕೀ ಒತ್ತಿ, "ಓ, ಇದು!" ಎಂದು ಖುಷಿಪಟ್ಟರು. ಅಷ್ಟು ಸುಲಭಕ್ಕೆ ಮುಗಿಯಿತು ಅಂದುಕೊಂಡೆ. ಆದರೆ ನುಡಿಸಲು ಶುರು ಮಾಡಿದ ಮೇಲೆ ನನಗೆ ದಾರಿಯೇ ತಪ್ಪಿತು. ನಮ್ಮಲ್ಲಿ ಷಡ್ಜ ಒಂದು ಕಡೆ ನಿಂತಿರುತ್ತದೆ, ನಾವು ಎಲ್ಲಿಗೆ ಹೋದರೂ ಬಂದು ಸೇರಲು ಮನೆ ಇದ್ದ ಹಾಗೆ. ಇವರಲ್ಲಿ ನಾನು ತಿರುಗಿ ಬರುವಷ್ಟರಲ್ಲಿ ಮನೆಯೇ ಬೇರೆ ಬೀದಿಗೆ ಹೋಗಿರುತ್ತಿತ್ತು. ಅರ್ಧದಲ್ಲಿ ನಿಲ್ಲಿಸಿ, "ನನಗೆ ಆಗುವುದಿಲ್ಲ" ಎಂದೆ.

ಡ್ರಮ್ಮಿನ ಹುಡುಗ ನಕ್ಕ. "ಭಾಭಿ, ನಾನು ಎರಡು ವರ್ಷ ಎಲ್ಲವನ್ನೂ ಗರ್ಬಾ ಮಾಡಿಬಿಡುತ್ತಿದ್ದೆ. ಈ ಟೀಚರ್ ನನ್ನನ್ನು ಓಡಿಸಲಿಲ್ಲ. ನಿಮ್ಮನ್ನೂ ಓಡಿಸುವುದಿಲ್ಲ."

ಅವನು ಸೂರತ್‌ನವನು. ತಂದೆ ವಜ್ರಕ್ಕೆ ಸಾಣೆ ಹಿಡಿಯುವ ಕೆಲಸದವರು. ಇವನಿಗೆ ಆ ಕೆಲಸಕ್ಕೆ ಕೂರುವ ತಾಳ್ಮೆ ಇರಲಿಲ್ಲ. ಶಾಲೆಗೆ ಹೋಗುವಾಗಲೇ ನವರಾತ್ರಿಯ ಮಂಡಳಿಗಳಲ್ಲಿ ಢೋಲು ಬಾರಿಸಿದವನು. ಈಗ ಮೊಬೈಲ್ ಅಂಗಡಿಯಲ್ಲಿ ಕೆಲಸ. ನವರಾತ್ರಿ ಬಂದರೆ ಬ್ಯಾಂಡನ್ನು ಮರೆತು ಊರಿಗೆ ಹೋಗಿಬಿಡುತ್ತಾನೆ. ಬೆರಳಿಗೆಲ್ಲ ಪಟ್ಟಿ ಸುತ್ತಿಕೊಂಡು ವಾಪಸು ಬರುತ್ತಾನೆ. ಟೀಚರ್ ವಡೋದರಾದಿಂದ ರೈಲಿನಲ್ಲಿ ಬರುತ್ತಿದ್ದರು, ಬೆಳಗಿನ ಚರ್ಚಿನ ಪ್ರಾರ್ಥನೆ ಮುಗಿಸಿಕೊಂಡು. ಅವರ ಅಜ್ಜ ಊರೂರು ಸುತ್ತಿ ಉಪದೇಶ ಮಾಡುತ್ತಿದ್ದ ಪಾದ್ರಿ. ಗುಜರಾತಿಯ ಪ್ರಾರ್ಥನಾಗೀತೆಗಳಿಗೆ ಹಾರ್ಮೋನಿಯಂ ಒತ್ತುತ್ತಾ ಬೆಳೆದ ಅವರಿಗೆ, ದೇಶ ಬಿಟ್ಟು ಹೋಗುತ್ತಿದ್ದ ಒಬ್ಬ ವಿದೇಶಿ ಪಾದ್ರಿ ತನ್ನ ರೆಕಾರ್ಡುಗಳನ್ನು ಕೊಟ್ಟು ಹೋದರಂತೆ. ಅದರಲ್ಲಿ ದೇವರ ಹಾಡು ಯಾವುದು, ಜಾಝ್ ಯಾವುದು ಎಂದು ಕೆಲವು ವರ್ಷ ಅವರಿಗೂ ಗೊತ್ತಾಗಲಿಲ್ಲವಂತೆ!

ಟೀಚರೇ ನನಗೊಂದು ದಾರಿ ಮಾಡಿಕೊಟ್ಟರು. ಎಡಗೈಯಲ್ಲಿ ನನ್ನ ಎರಡೂವರೆಯನ್ನು ಒತ್ತಿಹಿಡಿದು, ಬಲಗೈಯಲ್ಲಿ ಮಾತ್ರ ಸ್ವರಗಳನ್ನು ಬದಲಾಯಿಸಿದರು. ಭಯ ಹೋದ ಮೇಲೆ ನಿಧಾನವಾಗಿ ಎಡಗೈ ತೆಗೆದರು. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ನಾನು ನಿಂತು ಊದಲು ಕಲಿತೆ. ನನ್ನ ಗಂಡ ಭಾನುವಾರ ಒಂದು ಡಬ್ಬ ಉದ್ದಿನವಡೆ ಹಿಡಿದುಕೊಂಡು ಬಂದು ಮೂಲೆಯಲ್ಲಿ ಕೂರುತ್ತಿದ್ದರು.

ನಮ್ಮ ಮೊದಲ ಕಾರ್ಯಕ್ರಮ ವಡೋದರಾದ ಒಂದು ಕಾಲೇಜಿನ ಹತ್ತಿರದ ಕೆಫೆಯಲ್ಲಿ. ಜಾಝ್ ಕೇಳುತ್ತಾ ಜನ ಮದ್ಯ ಕುಡಿಯುತ್ತಾರೆ ಎಂದು ಎಲ್ಲೋ ಓದಿ ನಾನು ಹೆದರಿದ್ದೆ. ಪಾನನಿಷೇಧದ ಗುಜರಾತಿನಲ್ಲಿ ಅದೆಲ್ಲಿಂದ ಬರಬೇಕು. ಎಲ್ಲರ ಮುಂದೆಯೂ ಕೋಲ್ಡ್ ಕಾಫಿ. ನಿರೂಪಣೆ ಮಾಡುವ ಹುಡುಗಿ ಒಬ್ಬೊಬ್ಬರ ಸಂಗೀತದ ಹಿನ್ನೆಲೆ ಕೇಳಿ ತಿಳಿದುಕೊಂಡು ಹೇಳಿದಳು. ಚರ್ಚು ಅಂದಾಗ ಚಪ್ಪಾಳೆ, ಗರ್ಬಾ ಅಂದಾಗ ಕೂಗು, ನನ್ನ ದೇವಸ್ಥಾನದ ಸೇವೆ ಅಂದಾಗ ಎಲ್ಲರೂ ಕತ್ತು ಎತ್ತಿ ನೋಡಿದರು. ಗಿಟಾರಿನವರ ಸರದಿ ಬಂದಾಗ, "ಬ್ಯಾಂಡ್ ಕಟ್ಟಿದವರು" ಎಂದಷ್ಟೇ ಹೇಳಿ ಮುಂದಕ್ಕೆ ಹೋದಳು.

ಕಾರಿನಲ್ಲಿ ವಾಪಸು ಬರುವಾಗ ಗಿಟಾರಿನವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೇ ನೋಡುತ್ತಿದ್ದರು. ನನ್ನ ಗಂಡನಿಗೆ ಇಂಥದ್ದು ತಡೆಯುವುದಿಲ್ಲ. "ಭಾಯಿ, ನೀವು ಎಲ್ಲಿ ಕಲಿತದ್ದು?" ಎಂದು ಕೇಳಿಯೇಬಿಟ್ಟರು.

"ಇಂಟರ್ನೆಟ್ಟಿನಲ್ಲಿ. ಕಾರ್ಖಾನೆಯ ಸ್ಟೋರ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು" ಎಂದರು ಅವರು. "ನಮ್ಮ ಮನೆಯಲ್ಲಿ ಒಂದು ಜೊತೆ ಮಂಜೀರಾ ತಾಳ ಕೂಡ ಇಲ್ಲ. ಬಾಪುಜಿ ರೇಡಿಯೋದಲ್ಲಿ ವಾರ್ತೆ ಮುಗಿದ ಕೂಡಲೇ ಬಂದ್ ಮಾಡುತ್ತಿದ್ದರು. ಭಾನುವಾರ ನಾನು ಸ್ಟಾಕ್ ನೋಡಲು ಹೋಗುತ್ತೇನೆ ಅಂತಲೇ ಅವರು ಇವತ್ತಿಗೂ ತಿಳಿದಿರುವುದು."

ಇಷ್ಟು ವಯಸ್ಸಿನವರು ತಂದೆಗೆ ಹೆದರುವುದೇ ಎಂದು ನನಗೆ ಅನಿಸಿತು. ಆದರೆ ನಾನು ಕೆಳಗಿನ ಮನೆಯವಳ ಒಂದು ಮಾತಿಗೆ ಪೆಟ್ಟಿಗೆ ಮುಚ್ಚಿದವಳು.

ಆ ತಂದೆಯನ್ನು ನಾವು ನೋಡಿದ್ದು ಕೆಲವು ತಿಂಗಳ ಮೇಲೆ. ಅಭ್ಯಾಸದ ನಡುವೆ ಬಾಗಿಲು ತೆರೆಯಿತು. ಬಿಳಿ ಪೈಜಾಮ, ಕೈಯಲ್ಲಿ ಕೋಲು, ಹಿಂದೆ ಆಟೋದವನು. ಮಗನ ಫೋನು ಸಿಗದೆ ಏನಾಯಿತೋ ಎಂದು ಹುಡುಕಿಕೊಂಡು ಬಂದಿದ್ದರು. ಗಿಟಾರಿನವರು ಗಿಟಾರನ್ನು ಬೆನ್ನ ಹಿಂದಕ್ಕೆ ಸರಿಸಿದರು. ಮುದುಕರು ನಮ್ಮನ್ನೆಲ್ಲ ಒಮ್ಮೆ ನೋಡಿದರು. ಟೀಚರ್ ಎದ್ದು ಕುರ್ಚಿ ಕೊಟ್ಟರು.

"ನಿಲ್ಲಿಸಿದ್ದೇಕೆ? ನುಡಿಸಿ" ಎಂದರು ಅವರು.

ನುಡಿಸಿದೆವು. ಮುಗಿದ ಮೇಲೆ ಮಗ ನೆಲ ನೋಡುತ್ತಾ ನಿಂತಿದ್ದರು. "ಈ ತಂಗಿ ಊದಿದ್ದು ಕೇಳಿತು. ಅವನು ಬಡಿದದ್ದು ಕೇಳಿತು. ನೀನು ಮಾಡಿದ್ದು ಏನೂ ಕೇಳಲಿಲ್ಲ" ಎಂದರು ಮುದುಕರು. ಯಂತ್ರಗಳ ಪಕ್ಕದಲ್ಲೇ ಬದುಕು ಕಳೆದ ಕಿವಿ. ಮಗನದು ಬೇಸ್ ಗಿಟಾರು, ಅದರ ತಗ್ಗಿನ ದನಿ ನಮ್ಮೆಲ್ಲರ ಸದ್ದಿನ ಕೆಳಗೆ ಆ ಕಿವಿಗೆ ಸಿಗುತ್ತಿರಲಿಲ್ಲ. ಮಗ ದನಿ ಹೆಚ್ಚಿಸಿ ಒಬ್ಬರೇ ನುಡಿಸಿದರು. ಮುದುಕರು ತಲೆ ಓರೆ ಮಾಡಿ ಕೇಳಿ, "ಇಷ್ಟೇನಾ?" ಎಂದರು. ಆಮೇಲೆ ನನ್ನ ಗಂಡನ ಡಬ್ಬದಿಂದ ವಡೆ ತೆಗೆದುಕೊಂಡರು.

ಬಚ್ಚಿಟ್ಟದ್ದಕ್ಕೆ ಬೈಗುಳವಿಲ್ಲ, ಒಪ್ಪಿಗೆಯೂ ಇಲ್ಲ. ಮಗನಿಗೆ ಅದನ್ನು ನುಂಗುವುದು ಕಷ್ಟವಾಯಿತು. ಆದರೆ ಮುದುಕರಿಗೆ ಮನೆಯಲ್ಲಿ ಭಾನುವಾರ ಕಳೆಯುತ್ತಿರಲಿಲ್ಲವೋ ಏನೋ, ಆಮೇಲೂ ಬರತೊಡಗಿದರು. ನಾವೆಲ್ಲ ಅವರನ್ನು ದಾದಾ, ಅಂದರೆ ಅಜ್ಜ, ಎಂದೇ ಕರೆಯುತ್ತಿದ್ದೆವು. ಒಂದು ದಿನ ಡ್ರಮ್ಮಿನ ಹುಡುಗ, "ಮುಂದಿನ ತಿಂಗಳು ನಮ್ಮ ಸೂರತ್‌ನಲ್ಲಿ ಕಾರ್ಯಕ್ರಮ" ಎಂದದ್ದಕ್ಕೆ ದಾದಾ, "ನಾನೂ ಬರುತ್ತೇನೆ" ಎಂದರು. ಏಕೆ ಎಂದು ಹೇಳಲಿಲ್ಲ.

ಸೂರತ್ ತಲುಪಿದ ಬೆಳಿಗ್ಗೆ ಅವರು ಒಂದು ಗಲ್ಲಿಯ ಗುರುತು ಹೇಳಿ ಅಲ್ಲಿಗೆ ಕರೆದುಕೊಂಡು ಹೋಗಲು ಹುಡುಗನಿಗೆ ಹೇಳಿದರು. ಎಲ್ಲರೂ ಹೋದೆವು. ಎರಡೂ ಬದಿಗೆ ಸೀರೆ ಅಂಗಡಿಗಳು. ದಾದಾ ಒಂದು ಅಂಗಡಿಯ ಎದುರು ನಿಂತು, ಇಲ್ಲಿ ನಾಟಕದ ಥಿಯೇಟರ್ ಇತ್ತಲ್ಲ ಎಂದು ಕೇಳಿದರು. "ನಾನು ಕಂಡಾಗಿನಿಂದ ಅಂಗಡಿಯೇ, ದಾದಾ" ಎಂದ ಅಂಗಡಿಯವನು. ಅವರು ಅಲ್ಲೇ ಕಟ್ಟೆಯ ಮೇಲೆ ಕೂತರು.

"ನನ್ನ ಅಣ್ಣ ಇಲ್ಲಿ ತಬಲಾ ನುಡಿಸುತ್ತಿದ್ದ" ಎಂದರು.

ಮಗ ಬೆರಗಾಗಿ ನೋಡಿದರು. "ನಿಮಗೆ ಅಣ್ಣ ಇದ್ದರಾ?"

ಇದ್ದ. ಮನೆ ಬಿಟ್ಟು ನಾಟಕ ಕಂಪನಿ ಸೇರಿದ್ದ. ಕಾಮಾಲೆಯಾಗಿ ಇಲ್ಲೇ ಕಂಪನಿಯ ಕೋಣೆಯಲ್ಲಿ ತೀರಿಕೊಂಡ. ಸುದ್ದಿ ತಡವಾಗಿ ಬಂತು. ತಂದೆಯ ಜೊತೆ ಬಂದಾಗ ಚಿಕ್ಕವನಾಗಿದ್ದ ದಾದಾ ಕಂಡದ್ದು ಅವನ ಹಾಸಿಗೆಯನ್ನು ಮಾತ್ರ. ಅಂದಿನಿಂದ ಆ ಮನೆಯಲ್ಲಿ ವಾದ್ಯದ ಹೆಸರು ಎತ್ತುವಂತಿರಲಿಲ್ಲ. "ನನ್ನಪ್ಪ ಬಂದ್ ಮಾಡಿದರು, ನಾನು ಹಾಗೇ ನಡೆಸಿಕೊಂಡು ಬಂದೆ" ಎಂದರು.

"ಅವರು ಚೆನ್ನಾಗಿ ನುಡಿಸುತ್ತಿದ್ದರಾ, ಬಾಪುಜಿ?"

"ನನಗೇನು ಗೊತ್ತು! ಊಟಕ್ಕೆ ಕೂತರೆ ತಟ್ಟೆಯ ಅಂಚಿನ ಮೇಲೆ ಬೆರಳು ಆಡಿಸುತ್ತಿದ್ದ. ನನ್ನಪ್ಪ ಬಯ್ಯುತ್ತಿದ್ದರು. ನೀನೂ ಸಣ್ಣವನಿದ್ದಾಗ ಹಾಗೇ ಮಾಡುತ್ತಿದ್ದೆ. ನಾನೂ ಬೈದೆ."

"ನನಗೆ ನೆನಪಿಲ್ಲ."

"ನನಗಿದೆ" ಎಂದರು ದಾದಾ.

ಟೀಚರ್ ನನ್ನ ಕೈ ಹಿಡಿದುಕೊಂಡಿದ್ದರು. ಹುಡುಗ ಹೋಗಿ ಎಲ್ಲರಿಗೂ ಬಿಸಿ ಲೋಚೋ ತಂದ, ಕಡಲೆಬೇಳೆ ರುಬ್ಬಿ ಬೇಯಿಸಿದ ಅಲ್ಲಿಯ ತಿಂಡಿ. ಬೀದಿಯಲ್ಲೇ ನಿಂತು ತಿಂದೆವು. ತಿನ್ನುವಾಗ ಮಗ ತಂದೆಯ ಕಡೆಗೇ ನೋಡುತ್ತಿದ್ದರು, ಯಾರೋ ಹೊಸಬರನ್ನು ನೋಡುವ ಹಾಗೆ.

ಸಂಜೆಯ ಕಾರ್ಯಕ್ರಮದಲ್ಲಿ ಅಲ್ಲಿಯ ನಿರೂಪಕನೂ ಹಿನ್ನೆಲೆ ಕೇಳಿದ. ಗಿಟಾರಿನವರು ತಾವೇ ಮೈಕ್ ತೆಗೆದುಕೊಂಡರು. "ನಾನು ಕಾರ್ಖಾನೆಯ ಸ್ಟೋರ್ ರೂಮಿನಲ್ಲಿ ಒಬ್ಬನೇ ಕಲಿತೆ. ನನ್ನ ದೊಡ್ಡಪ್ಪ ನಿಮ್ಮ ಊರಿನಲ್ಲಿ ತಬಲಾ ನುಡಿಸುತ್ತಿದ್ದರಂತೆ, ಇವತ್ತು ಬೆಳಿಗ್ಗೆ ಗೊತ್ತಾಯಿತು" ಎಂದರು. ಜನ ಚಪ್ಪಾಳೆ ತಟ್ಟಿದರು. ದಾದಾ ಸ್ಪೀಕರಿನ ಪಕ್ಕದ ಕುರ್ಚಿಯೇ ಬೇಕೆಂದು ಹಟ ಹಿಡಿದು ಕೂತಿದ್ದವರು, ಎರಡನೆಯ ಹಾಡಿಗೆ ಗದ್ದವನ್ನು ಎದೆಗೆ ಆನಿಸಿ ನಿದ್ದೆ ಹೋದರು. ಅದನ್ನು ನೋಡಿ ಮಗನಿಗೆ ನಗು ಬಂದು ತಾಳ ತಪ್ಪಿತು. ಹುಡುಗ ಡ್ರಮ್ಮಿನ ಮೇಲೆ ಗಡಗಡನೆ ಬಾರಿಸಿ ಆ ತಪ್ಪನ್ನು ಮುಚ್ಚಿದ. ನಾನು ಉಸಿರು ತುಂಬಿಕೊಂಡು ಮುಂದಿನ ಸಾಲು ಎತ್ತಿಕೊಂಡೆ.