ಕೈ ಹಾಕದೆ ಬಿಟ್ಟ ಗುಂಡಿ

ಮಂಚದ ಕೆಳಗೆ ಮಗುವಿನ ಗಿಲಕಿ ಉರುಳಿಹೋದರೆ, ಆ ಮನೆಯಲ್ಲಿ ಅದನ್ನು ತೆಗೆಯುವುದಕ್ಕೂ ಒಂದು ಕ್ರಮವಿತ್ತು. ಗಂಡ ಮೊದಲು ನೆಲಕ್ಕೆ ಕೆನ್ನೆಯಿಟ್ಟು ನೋಡುತ್ತಿದ್ದ. ಆಮೇಲೆ ಪೊರಕೆಯ ಹಿಡಿಯನ್ನು ಓರೆಯಾಗಿ ಹಿಡಿದು ಗೇಣುಗೇಣಾಗಿ ಒಳಗೆ ತೂರಿಸುತ್ತಿದ್ದ. ಗಿಲಕಿ ಹೊರಬರುವಷ್ಟರಲ್ಲಿ ಹತ್ತು ತಿಂಗಳ ಮಗಳು ಅದನ್ನು ಮರೆತು ಅಪ್ಪನ ಕಾಲ್ಚೀಲ ಬಾಯಿಗಿಟ್ಟುಕೊಂಡಿರುತ್ತಿದ್ದಳು. ಅಲ್ಲಿರುವುದು ಗಿಲಕಿ, ಹುಲಿಯಲ್ಲ ಎಂದು ಹೆಂಡತಿ ಮೊದಮೊದಲು ಗೇಲಿ ಮಾಡುತ್ತಿದ್ದಳು. ಹಿಟ್ಟಿನ ಡಬ್ಬವಿರಲಿ, ಅಟ್ಟವಿರಲಿ, ಸೋಫಾದ ಸಂದಿಯಿರಲಿ, ಕಣ್ಣಿಗೆ ಕಾಣದ ಜಾಗಕ್ಕೆ ಅವನ ಬರಿಗೈ ಹೋಗುವುದೇ ಇಲ್ಲ ಎಂದು ಗೊತ್ತಾದ ಮೇಲೆ ಗೇಲಿ ತಾನಾಗಿ ನಿಂತಿತು.

ಅವನು ಹದಿನೈದು ವರ್ಷ ಸೈನ್ಯದಲ್ಲಿ ನೆಲಬಾಂಬ್ ತೆಗೆಯುವ ತುಕಡಿಯಲ್ಲಿದ್ದವನು. ಹೊಟ್ಟೆ ಅಡಿಯಾಗಿ ಮಲಗಿ, ತೆಳ್ಳನೆಯ ಕಡ್ಡಿಯನ್ನು ಓರೆಯಾಗಿ ಮಣ್ಣಿಗೆ ಚುಚ್ಚಬೇಕು. ಏನೂ ತಾಗದಿದ್ದರೆ ಎರಡು ಬೆರಳು ಮುಂದೆ. ಬೆಳಗಿಂದ ಸಂಜೆಯವರೆಗೆ ದುಡಿದರೆ ಒಂದು ಚಾಪೆ ಹಾಸುವಷ್ಟು ನೆಲ. ಜೊತೆಗಾರನೊಬ್ಬ ಒಮ್ಮೆ, ಒಂದೇ ಒಮ್ಮೆ, ಬಿದ್ದ ಟೋಪಿ ಎತ್ತಿಕೊಳ್ಳಲು ನೋಡದೆ ಕೈ ಚಾಚಿದ್ದ. ಇಷ್ಟನ್ನು ಮಾತ್ರ ಮದುವೆಯಾದ ಎರಡನೇ ವರ್ಷ ಅವಳಿಗೆ ಹೇಳಿದ್ದ. 

ಸೈನ್ಯದಿಂದ ಬಂದ ಮೇಲೆ ಎರಡು ಕೆಲಸ ಹಿಡಿದ. ಅವನು ಅವನ್ನು ಬಿಟ್ಟನೋ ಅವು ಇವನನ್ನು ಬಿಟ್ಟವೋ, ಅಂತೂ ಎರಡೂ ನಿಲ್ಲಲಿಲ್ಲ. ಗೋದಾಮಿನ ಗೇಟಿನಲ್ಲಿ ಕಾವಲಿಗಿದ್ದಾಗ ಪ್ರತಿ ಲಾರಿಯ ಅಡಿಗೂ ಕನ್ನಡಿ ಹಿಡಿದು ನೋಡುತ್ತಿದ್ದನಂತೆ. ಲಾರಿಗಳ ಸಾಲು ದೊಡ್ಡ ರಸ್ತೆ ಮುಟ್ಟಿ, ಡ್ರೈವರುಗಳು ಹಾರ್ನ್ ಹೊಡೆದು ಹೊಡೆದು ಮಾಲೀಕನ ಕಿವಿ ತೂತು ಮಾಡಿದರು. ಇನ್ನೊಂದು ಕಡೆ ದಿನವಿಡೀ ಕುರ್ಚಿಯಲ್ಲಿ ಕೂರುವ ಕೆಲಸ. ಮನೆಗೆ ಬಂದರೆ ಗೋಡೆಯ ಹಾಗೆ ಮಾತಿಲ್ಲ, ರಾತ್ರಿ ನಿದ್ದೆಯಿಲ್ಲ. ಆಗ ಹಳೆಯ ಗೆಳೆಯನೊಬ್ಬ, ಸೈನ್ಯದಲ್ಲಿ ಟ್ಯಾಂಕ್ ಓಡಿಸುತ್ತಿದ್ದವನು, ಕಾಡಿನ ಬೆಂಕಿ ಆರಿಸುವ ತಂಡಕ್ಕೆ ಮಾಜಿ ಸೈನಿಕರನ್ನು ತರಬೇತು ಮಾಡುತ್ತಾರೆ, ತಾನೂ ಸೇರುತ್ತಿದ್ದೇನೆ ಎಂದು ಸುದ್ದಿ ತಂದ. ಹನ್ನೆರಡು ವಾರ ಕಲಿಕೆ. ಬೆಂಕಿಯಿಲ್ಲದ ತಿಂಗಳುಗಳಲ್ಲಿ ಕಳೆ ಕೀಳುವುದು, ಸಸಿ ನೆಡುವುದು, ಕಾಡಿನ ಕಾಲುದಾರಿ ಸರಿಪಡಿಸುವುದು. ಇಪ್ಪತ್ತು ಜನ ಕಲಿಯುವವರು, ತಂಡದಲ್ಲಿ ಹನ್ನೆರಡೇ ಜಾಗ.

ಬೆಂಕಿ ಎಂದ ಕೂಡಲೇ ಅವಳು ಹೆದರಿದ್ದಳು. ಆದರೆ ಎರಡನೇ ವಾರದ ಹೊತ್ತಿಗೆ ಅವನು ರಾತ್ರಿ ಮಲಗಿದವನು ಬೆಳಿಗ್ಗೆಯೇ ಏಳತೊಡಗಿದ. ಊಟಕ್ಕೆ ಕೂತು ಮಾತಾಡತೊಡಗಿದ. ಕಡಿದಾದ ದಾರಿಗೆ ಕಲ್ಲಿನ ಮೆಟ್ಟಿಲು ಕೂರಿಸಿದ್ದು, ಒಣಹುಲ್ಲು ಕೆರೆದು ಬೆಂಕಿ ದಾಟದ ಹಾಗೆ ಬರಿಮಣ್ಣಿನ ಗೆರೆ ತೆಗೆದದ್ದು, ಎಲ್ಲವನ್ನೂ ಚಮಚ, ಲೋಟ ಜೋಡಿಸಿ ತೋರಿಸುತ್ತಿದ್ದ. ಭಯವನ್ನು ಅವಳು ಹಾಗೇ ಮಡಿಸಿ ಕಪಾಟಿನಲ್ಲಿ ಬಟ್ಟೆಯ ಅಡಿಯಲ್ಲಿಟ್ಟಳು. ಗಂಡ ಮನೆಗೆ ಬಂದಂತಾಗಿತ್ತು. ಈ ಕೆಲಸ ಕೈತಪ್ಪಿದರೆ ಮತ್ತೆ ಆ ಗೋಡೆಯೇ ಗತಿ ಎಂಬುದು ಅವಳಿಗೆ ಗೊತ್ತಿತ್ತು.

ಕಲಿಸುವಾಕೆ ಐವತ್ತು ದಾಟಿದ ಹೆಂಗಸು. ಮೂವತ್ತು ವರ್ಷ ಬೆಂಕಿಯ ಹಿಂದೆ ಅಲೆದವಳು, ಎಡಗಡೆಯ ಹುಬ್ಬು ಸುಟ್ಟದ್ದು ಮತ್ತೆ ಬೆಳೆದಿರಲಿಲ್ಲ. ಮೊದಲ ದಿನ ಇಪ್ಪತ್ತು ಜನ ಎದ್ದುನಿಂತು ಮೇಡಂ ಎಂದಾಗ, ಅಕ್ಕ ಅಂದರೆ ಸಾಕು, ಸಲ್ಯೂಟ್ ಹೊಡೆದರೆ ಬೆಂಕಿ ನಿಲ್ಲುವುದಿಲ್ಲ ಎಂದಿದ್ದಳಂತೆ. ಉರಿಯುವ ಬೆಂಕಿಯನ್ನು ಯಾರು ಬೇಕಾದರೂ ನೋಡುತ್ತಾರೆ, ಕಾಣದ್ದನ್ನು ಹುಡುಕುವುದೇ ನಿಮ್ಮ ಕೆಲಸ ಎಂಬುದು ಅವಳ ದಿನದ ಪಾಠ. ಆರಿತು ಎಂದುಕೊಂಡ ಬೆಂಕಿ ಮರದ ಬೇರು ಹಿಡಿದು ನೆಲದೊಳಗೆ ದಿನಗಟ್ಟಲೆ ಹರಿದು, ಗಾಳಿ ಎದ್ದ ದಿನ ಇನ್ನೆಲ್ಲೋ ತಲೆ ಎತ್ತುತ್ತದೆ. ಬೂದಿ ಮುಚ್ಚಿದ ಕೆಂಡ ಎಂದು ಬಾಯಿಮಾತಿಗೆ ಹೇಳುತ್ತಾರಲ್ಲ, ಅದೇ ಇದು ಎಂದು ಅವನು ಮೂರನೇ ವಾರವೇ ಮನೆಯವರಿಗೆ ವಿವರಿಸಿದ್ದ. ಅದಕ್ಕೇ ಬೆಂಕಿ ಆರಿದ ಮೇಲೆ ಕೈಗವಸು ತೆಗೆದು, ಬರಿಗೈಯ ಹಿಂಬದಿಯಿಂದ ಬೂದಿಯನ್ನೆಲ್ಲ ಮುಟ್ಟಿ ನೋಡಬೇಕು. ಮರ ಬುಡಸಮೇತ ಸುಟ್ಟು ಉಳಿದ ಗುಂಡಿಗಳಿಗೆ ಮೊದಲು ಗುಂಡಿಯ ಬಾಯ ಬಳಿ ಕೈ ಹಿಡಿದು ಝಳ ನೋಡಿ, ಆಮೇಲೆ ಮೊಣಕೈವರೆಗೆ ಇಳಿಸಬೇಕು.

ಒಂಬತ್ತನೇ ವಾರ ಈ ಪಾಠ ಬಂತು. ಅವನು ಕಡ್ಡಿ ಹುಡುಕಿ ತಂದು, ಹೊಟ್ಟೆ ಅಡಿಯಾಗಿ ಮಲಗಿ, ಓರೆಯಾಗಿ ಚುಚ್ಚತೊಡಗಿದ. ಉಳಿದವರು ಇಡೀ ಇಳಿಜಾರು ಮುಗಿಸುವಾಗ ಇವನದು ಎರಡು ಮಾರು. ಅವತ್ತೇ 'ಇಂಚಣ್ಣ' ಎಂದು ಹೆಸರಿಟ್ಟರು. ಕಡ್ಡಿಗೆ ಬಿಸಿ ಗೊತ್ತಾಗುವುದಿಲ್ಲವಪ್ಪ ಎಂದು ಅಕ್ಕ ಅದನ್ನು ಕಸಿದುಕೊಂಡಳು. ಮೇಲಿನ ಬೂದಿ ಮುಟ್ಟುವುದನ್ನು ಹೇಗೋ ಹಲ್ಲುಕಚ್ಚಿ ಕಲಿತ. ಗುಂಡಿಗಳ ವಿಷಯ ಮಾತ್ರ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಹೇಳಿ ಜಾರಿಕೊಳ್ಳುತ್ತಿದ್ದ. ಅಸಲು ಸಂಗತಿ ಟ್ಯಾಂಕಿನ ಗೆಳೆಯನ ಹೆಂಡತಿಯಿಂದ ತಿಳಿಯಿತು: ಜೋಡಿಯಾಗಿ ಕೆಲಸ ಮಾಡುವಾಗ ಇವನ ಪಾಲಿನ ಗುಂಡಿಗಳಿಗೆ ಗೆಳೆಯನೇ ಕೈ ಹಾಕುತ್ತಿದ್ದನಂತೆ. ಕೊನೆಯ ಪರೀಕ್ಷೆಯಲ್ಲಿ ಜೋಡಿಯಿಲ್ಲ, ಒಬ್ಬೊಬ್ಬರೇ.

ಆ ಪರೀಕ್ಷೆಯ ದಿನ ಅವನು ಮಧ್ಯಾಹ್ನಕ್ಕೇ ಮನೆಗೆ ಬಂದ. ಹಿಂದಿನ ಸಂಜೆ ಗುಡ್ಡದ ಒಂದು ಮಗ್ಗುಲಿಗೆ ತಾವೇ ಬೆಂಕಿ ಕೊಟ್ಟು ಆರಿಸಿದ್ದರು. ಬೆಳಿಗ್ಗೆ ಹಗ್ಗ ಕಟ್ಟಿ ಪಟ್ಟಿ ಪಟ್ಟಿಯಾಗಿ ಹಂಚಿ, ತಣ್ಣಗಿದೆ ಎಂದು ಖಾತ್ರಿಯಾದವರು ತಮ್ಮ ಪಟ್ಟಿಯ ತುದಿಯಲ್ಲಿ ನೀಲಿ ರಿಬ್ಬನ್ನಿನ ಗೂಟ ನೆಡಬೇಕೆಂದು ಹೇಳಿದ್ದರು. ಇವನು ಹೊತ್ತಿಗೆ ಮುಂಚೆಯೇ ನೆಟ್ಟಿದ್ದ. ಪಾಸು. ಹನ್ನೆರಡರಲ್ಲಿ ಒಂಬತ್ತನೆಯವನು. ನಾಳೆ ಟೋಪಿ, ಬೂಟು ಕೊಡುತ್ತಾರೆ.

ಅತ್ತೆ ಅಂಗಳಕ್ಕೆ ಹೋಗಿ ಬೇಲಿಯಾಚೆಯ ಮನೆಯವಳಿಗೆ ಡಂಗುರ ಸಾರಿ ಬಂದರು. ಸೊಸೆಯೂ ನಕ್ಕಳು, ಮಗುವನ್ನೆತ್ತಿ ಕುಣಿಸಿದಳು. ಅವನ ಅಂಗಿ ನೆನೆಹಾಕಲು ಬಕೆಟ್ಟಿಗೆ ಇಳಿಸುವಾಗ ನಗು ಅರ್ಧಕ್ಕೆ ನಿಂತಿತು. ಅಂಗಿಯ ಬಲತೋಳು ಮಣಿಕಟ್ಟಿನ ಬಳಿ ಮಾತ್ರ ಕಪ್ಪಾಗಿತ್ತು, ಮೊಣಕೈವರೆಗೆ ಮಸಿ ಹತ್ತಿರಲಿಲ್ಲ. ತೋಳು ಮಡಿಸಿಕೊಂಡಿದ್ದನೇನೋ ಎಂದು ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಮಡಿಕೆಯ ಗುರುತಿರಲಿಲ್ಲ. ಸೋಪಿನ ಪುಡಿ ಹಾಕಿದಳು.

ನಾಲ್ಕು ಗಂಟೆಗೆ ಗಾಳಿ ಎದ್ದಿತು. ತಂತಿಯ ಮೇಲಿನ ಮಗುವಿನ ಬಟ್ಟೆಗಳೆಲ್ಲ ಒಂದೇ ದಿಕ್ಕಿಗೆ ನಿಗುರಿದವು. ಅವನು ಕಿಟಕಿಯ ಬಳಿ ನಿಂತಿದ್ದ. ಅವಳು ಬಟ್ಟೆ ತೆಗೆದು ಬಂದರೂ, ಮಡಿಸಿ ಇಟ್ಟರೂ ಅಲ್ಲೇ ಇದ್ದ. ಅತ್ತೆ ಎರಡು ಸಲ ಕಾಫಿ ಕೊಟ್ಟರು, ಎರಡು ಲೋಟವೂ ಕಿಟಕಿಯ ಕಟ್ಟೆಯ ಮೇಲೆ ಕೆನೆಗಟ್ಟಿ ಕುಳಿತವು. ಅವಳು ಫೋನಿನಲ್ಲಿ ಗಾಳಿಯ ವೇಗ ನೋಡಿದಳು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದಳು.

"ಎಷ್ಟು ಗುಂಡಿ ಇತ್ತು ನಿಮ್ಮ ಪಟ್ಟೀಲಿ?" ಎಂದು ಕೊನೆಗೆ ಕೇಳಿದಳು.

"ಒಂದೇ."

"ಕೈ ಹಾಕಿದ್ರಾ?"

ಅವನು ಕಿಟಕಿಯಾಚೆ ನೋಡುತ್ತಲೇ ಹೇಳಿದ. ಅರ್ಧ ಕ್ಯಾನ್ ನೀರು ಸುರಿದನಂತೆ. ಕೋಲಿನಿಂದ ಕಲಕಿದನಂತೆ. ಹಬೆ ಬರಲಿಲ್ಲ. ಮಂಡಿಯೂರಿ ಕೂತು ಕೈ ಇಳಿಸಲು ಮೂರು ಸಲ ನೋಡಿದ, ಭುಜದಿಂದ ಕೆಳಗೆ ಕೈ ತನ್ನದೇ ಅಲ್ಲ ಎನಿಸಿತು. ಗೂಟ ನೆಟ್ಟ. ಎಲ್ಲ ಗುಂಡಿಗೂ ಕೈ ಹಾಕಿದೆಯಾ ಎಂದು ಅಕ್ಕ ಒಬ್ಬೊಬ್ಬರನ್ನೂ ಕೇಳಿದಳು. ಇವನು ಹಾಕಿದೆ ಎಂದ.

ಅವಳ ಬಾಯಿಂದ ಮೊದಲು ಬಂದದ್ದು, ಆಮೇಲೆ ನೆನೆದು ನಾಚಿಕೆಪಟ್ಟರೂ, ಇದೇ: "ನೀರು ಹಾಕಿದೀರಲ್ಲ, ಆರಿರುತ್ತೆ ಬಿಡಿ. ಯಾರಿಗೆ ಗೊತ್ತಾಗುತ್ತೆ?"

"ಹೂಂ" ಎಂದ ಅವನು.

ಆ ಹೂಂ ಅವಳಿಗೆ ಗೊತ್ತಿತ್ತು. ಕುರ್ಚಿಯ ಕೆಲಸದ ದಿನಗಳ ಹೂಂ ಅದು. ಅವಳು ಒಳಗೆ ಹೋಗಿ ಮಗುವಿನ ಸ್ನಾನಕ್ಕೆ ಟವೆಲು ಹುಡುಕಿದಳು. ಆ ಗುಡ್ಡದ ಬುಡದಲ್ಲಿ ಸಸಿಗಳ ತೋಟವಿತ್ತು, ತೋಟದ ಕಾವಲುಗಾರನ ಮನೆಯಿತ್ತು, ಮನೆಯ ಮುಂದೆ ಮೂರು ಗಾಲಿಯ ಪುಟ್ಟ ಸೈಕಲ್ಲು ನಿಂತಿರುವುದನ್ನು ಗಂಡನಿಗೆ ಊಟದ ಡಬ್ಬಿ ಕೊಡಲು ಹೋದಾಗ ನೋಡಿದ್ದಳು. ಅದನ್ನು ಯಾಕಾದರೂ ನೋಡಿದೆನೋ ಎನಿಸಿತು. ಬಚ್ಚಲಲ್ಲಿ ಅತ್ತೆ ನೀರು ಬೆರೆಸಿಟ್ಟು, ಹದವಾಗಿದೆ, ನಾನು ನೋಡಿದ್ದೇನೆ, ಮಗು ಕೊಡು ಎಂದರು. ಅವಳು ಹೂಂ ಎನ್ನುತ್ತಲೇ ಮಗುವನ್ನು ಸೊಂಟಕ್ಕೇರಿಸಿ ಬಗ್ಗಿ ಮೊಣಕೈ ಅದ್ದಿದಳು.

"ದಿನಾ ನೋಡ್ತೀಯ. ನನ್ನ ಮಾತು ನಂಬಲ್ಲ ನೀನು" ಎಂದರು ಅತ್ತೆ, ಕೋಪವಿಲ್ಲದೆ.

ನೀರು ಹದವಾಗಿಯೇ ಇತ್ತು. ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಒದ್ದೆ ಮೊಣಕೈಯಲ್ಲೇ ಹೊರಗೆ ಬಂದು ಸ್ಕೂಟರಿನ ಕೀ ತೆಗೆದು ಅವನ ಕೈಗಿಟ್ಟಳು. "ನಡೀರಿ. ಅಕ್ಕನಿಗೆ ಫೋನ್ ಮಾಡಿ, ಬರ್ತಿದೀವಿ ಅನ್ನಿ."

"ಹೇಳಿದ್ರೆ ಜಾಗ ಹೋಗುತ್ತೆ ಕಣೇ."

"ಗೊತ್ತು."

ದಾರಿಯುದ್ದಕ್ಕೂ ಎದುರುಗಾಳಿ. ಅವಳು ಅವನ ಬೆನ್ನಿಗೆ ಅಂಟಿ, ಭುಜದ ಮೇಲಿಂದ ಗುಡ್ಡವನ್ನೇ ನೋಡುತ್ತಿದ್ದಳು. ಒಂದು ಕಡೆ ಬೆಳ್ಳಗೆ ಎದ್ದದ್ದನ್ನು ಕಂಡು ಹೆದರಿದಳು. ಹತ್ತಿರವಾದಾಗ ಅದು ದನ ನಡೆದ ಧೂಳು. ಮತ್ತೊಂದು ಕಡೆ ಏನೂ ಕಾಣಲಿಲ್ಲ, ಅದಕ್ಕೂ ಹೆದರಿದಳು.

ಅಕ್ಕ ಹೋಗಿರಲಿಲ್ಲ. ಬೆಂಕಿ ಕೊಟ್ಟ ಮರುದಿನ ಕತ್ತಲಾಗುವವರೆಗೆ ಅವಳು ಗುಡ್ಡದ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುವುದು ವಾಡಿಕೆಯಂತೆ. ಇವರನ್ನು ಕಂಡು ಎದ್ದಳು, ಫೋನಿನಲ್ಲೇ ಅವನಿಂದ ಎಲ್ಲ ಕೇಳಿಕೊಂಡಿದ್ದವಳು ನೇರ ಮುಂದೆ ನಡೆದಳು. ಅವನ ಪಟ್ಟಿಯ ಗುಂಡಿ ಸುಟ್ಟ ಬುಡದ ಪಕ್ಕದಲ್ಲಿತ್ತು. ಬಾಯಿ ಒಂದು ತಟ್ಟೆಯಷ್ಟು ಅಗಲ, ಒಳಗೆ ಕಪ್ಪು.

"ಹಾಕು" ಎಂದಳು ಅಕ್ಕ.

ಅವನು ಮಂಡಿಯೂರಿದ. ತೋಳನ್ನು ಭುಜದವರೆಗೆ ಏರಿಸಿದ. ಗುಂಡಿಯ ಬಾಯಲ್ಲಿ ಕೈಯ ಹಿಂಬದಿ ಹಿಡಿದು ನಿಲ್ಲಿಸಿದ, ಝಳವಿರಲಿಲ್ಲ. ಹಗ್ಗದ ಆಚೆ ನಿಂತಿದ್ದ ಹೆಂಡತಿಗೆ ಅವನ ಬೆನ್ನು ಮಾತ್ರ ಕಾಣುತ್ತಿತ್ತು, ಅಂಗಿಯ ಕೆಳಗೆ ಆ ಬೆನ್ನು ಹಲಗೆಯ ಹಾಗಾಗಿತ್ತು. ಅವನು ಏನೋ ಗೊಣಗುತ್ತಿದ್ದ. ಕಿವಿಗೊಟ್ಟಾಗ ತಿಳಿಯಿತು: ಎರಡು ಬೆರಳು, ಎರಡು ಬೆರಳು, ಎರಡು ಬೆರಳು. ಮಣಿಕಟ್ಟು ಮುಳುಗಿತು. ಅಲ್ಲಿ ನಿಂತ. ಎಷ್ಟು ಹೊತ್ತು ನಿಂತನೋ, ಅಕ್ಕ ಬೇಗ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಆಮೇಲೆ ಮೊಣಕೈ ಮುಳುಗಿತು. ಕೆನ್ನೆ ಬೂದಿಗೆ ತಾಗಿತು. ಅವನು ಕಣ್ಣು ಮುಚ್ಚಿ ಒಳಗೆಲ್ಲ ತಡವಿ, ಕೈ ಹೊರಗೆ ತೆಗೆದು ಅಂಗೈ ಬಿಡಿಸಿದ. ಒದ್ದೆ ಕೆಸರು, ಇದ್ದಿಲಿನ ಒಂದು ಚೂರು.

"ತಣ್ಣಗಿದೆ" ಎಂದ. 

ಅಕ್ಕ ತಾನೂ ಕೈ ಹಾಕಿ ನೋಡಿದಳು. ತಣ್ಣಗೇ ಇತ್ತು. ಎದ್ದು ಗೂಟದ ನೀಲಿ ರಿಬ್ಬನ್ ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಮುಂದಿನ ತಂಡ ಎರಡು ತಿಂಗಳಿಗೆ ಶುರುವಾಗುತ್ತದೆ, ಅದರ ಒಂಬತ್ತನೇ ವಾರಕ್ಕೆ ಬಂದು ಸೇರಿಕೋ, ಈ ಸಲದ ಜಾಗ ಹದಿಮೂರನೆಯವನಿಗೆ ಹೋಗುತ್ತದೆ ಎಂದಳು. ಬೈಗುಳವೂ ಇಲ್ಲ, ಸಮಾಧಾನವೂ ಇಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ಹೆಂಡತಿಯ ಕಣ್ಣು ತುಂಬಿತು. "ತಣ್ಣಗೇ ಇತ್ತಲ್ಲ ಅಕ್ಕ" ಎಂದಳು.

"ಇತ್ತಮ್ಮ. ಮಧ್ಯಾಹ್ನ ಅದು ಅವನಿಗೆ ಗೊತ್ತಿರ್ಲಿಲ್ಲ." ಅಕ್ಕ ಗುಡ್ಡದ ಕಡೆ ಗಲ್ಲ ಎತ್ತಿದಳು. "ಉಳಿದ ಪಟ್ಟಿಗಳಲ್ಲಿ ಇನ್ನೂ ಆರು ಗುಂಡಿ ಇವೆ. ಗಾಳಿ ನೋಡಿ ಇನ್ನೊಂದು ಸುತ್ತು ನಾನೇ ಹೋಗೋಳಿದ್ದೆ. ಮಂಡಿ ನೋವು. ಹೋಗ್ತೀಯೇನಪ್ಪ?"

ಅವನು ಹೆಂಡತಿಯ ಮುಖ ನೋಡಿದ. ಆಮೇಲೆ ಹಗ್ಗ ದಾಟಿ ಪಕ್ಕದ ಪಟ್ಟಿಗೆ ಹೋದ.

ಅವಳು ಕುರ್ಚಿಯ ಬಳಿ ನಿಂತು ನೋಡಿದಳು. ಅವನು ಬಗ್ಗಿದಾಗೆಲ್ಲ ಅವಳ ಕಾಲ್ಬೆರಳು ಚಪ್ಪಲಿಯೊಳಗೆ ಮುದುರುತ್ತಿತ್ತು, ಕೈ ಹೊರಬಂದಾಗ ಸಡಿಲುತ್ತಿತ್ತು. ಎರಡನೆಯದೂ ಮೊದಲಿನಷ್ಟೇ ನಿಧಾನ. ಮೂರನೆಯದು ಇನ್ನೂ ನಿಧಾನ, ನಡುವೆ ಒಮ್ಮೆ ಕೈ ಹಿಂತೆಗೆದು ಬೆವರು ಒರೆಸಿಕೊಂಡ. ಈ ಕೆಲಸ ಸಿಕ್ಕಿದರೆ ತನ್ನ ದಿನಗಳೆಲ್ಲ ಹೀಗೇ ಎಂದು ಅವಳಿಗೆ ಆಗ ಹೊಳೆಯಿತು. ಸಿಗದಿದ್ದರೆ ಹೇಗಿರುತ್ತವೆ ಎಂಬುದು ಗೊತ್ತೇ ಇತ್ತು. ಎರಡನ್ನೂ ತೂಗಿ ನೋಡುವ ಚೈತನ್ಯ ಆ ಗಾಳಿಯಲ್ಲಿ ಅವಳಿಗೆ ಇರಲಿಲ್ಲ.

ಫೋನು ಬಡಿದುಕೊಂಡಿತು. ಅತ್ತೆ. ಮಗು ಅಳುತ್ತಿದೆ, ಎಲ್ಲಿದ್ದೀರಿ, ಟೋಪಿ ಇವತ್ತೇ ಕೊಟ್ಟರೇ ಎಂದು ಒಂದೇ ಉಸಿರಿಗೆ ಕೇಳಿದರು.

"ಇಲ್ಲ ಅತ್ತೆ. ಕೊಡಲ್ಲ. ಒಂಬತ್ತನೇ ವಾರದಿಂದ ಮತ್ತೆ ಕಲೀಬೇಕು."

 "ಬೇಲಿ ಆಚೆಯವಳಿಗೆ ಏನು ಹೇಳ್ಲಿ ನಾನು?" ಎಂದರು ಅತ್ತೆ.

"ಆಮೇಲೆ ಯೋಚಿಸೋಣ. ಮಗೂಗೆ ಏನಾದ್ರೂ ತಿನ್ನಿಸಿರಿ, ಇನ್ನೂ ಮೂರು ಇದೆ" ಎಂದು ಅವಳು ಫೋನನ್ನು ಕಿವಿಯಿಂದ ಇಳಿಸಿದಳು. ನಾಲ್ಕನೆಯದರ ಬಳಿ ಅವನು ಆಗಲೇ ಮಂಡಿಯೂರಿದ್ದ.