ಕಿವಿಯಣ್ಣ ಮತ್ತು ಹನ್ನೆರಡು ಇಂಚಿನ ಕಪ್

ಪಾತ್ರೆ ಕಾರ್ಖಾನೆಯಲ್ಲಿ ಅವರನ್ನು ಎಲ್ಲರೂ ಕಿವಿಯಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಒಂದೇ ಪ್ರೆಸ್ಸಿನ ಮುಂದೆ ನಿಂತವರು. ಗುಂಡಗೆ ಕತ್ತರಿಸಿದ ಸ್ಟೀಲ್ ತಗಡನ್ನು ಅಚ್ಚಿನ ಮೇಲಿಟ್ಟು ಒತ್ತಿ, ಲೋಟವೋ ಡಬ್ಬಿಯೋ ಆಗುವಂತೆ ಎಳೆಯುವುದು ಅವರ ಕೆಲಸ. ತಗಡು ಹರಿಯುವ ಮುಂಚೆ ಕಿರ್ರೆಂದು ಸಣ್ಣಗೆ ನರಳುತ್ತದೆ. ಬೇರೆಯವರಿಗೆ ಅದು ಕೇಳುವಷ್ಟರಲ್ಲಿ ಅವರ ಕೈ ಪ್ರೆಸ್ಸನ್ನು ನಿಲ್ಲಿಸಿರುತ್ತಿತ್ತು. ಹೆಸರು ಬಂದದ್ದು ಹಾಗೆ.

ಆ ಹೆಸರೇ ಈಗ ಚುಚ್ಚತೊಡಗಿತ್ತು. ನಾಲ್ಕು ತಿಂಗಳಿಂದ ಬಲಗಿವಿ ಮಂದವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಮಾತಾಡಿಸಿದವರಿಗೆ ಎಡಗಿವಿ ಕೊಡುವುದು, ತಿಳಿಯದಿದ್ದರೆ ಸುಮ್ಮನೆ ನಕ್ಕುಬಿಡುವುದು, ಹೀಗೆ ದಿನ ತಳ್ಳುತ್ತಿದ್ದರು.

ಅಂಥ ಹೊತ್ತಿನಲ್ಲೇ ಆಸ್ಪತ್ರೆ ಯಂತ್ರಗಳನ್ನು ಮಾಡುವವರು ಉದ್ದನೆಯ ಕಪ್‌ಗಳನ್ನು ಕೇಳಿದರು. ಬಾಯಿ ನಾಲ್ಕು ಇಂಚು, ಆಳ ಹನ್ನೆರಡು. ಶನಿವಾರದೊಳಗೆ ಆರು ಮಾದರಿ. ಅಷ್ಟು ಆಳ ಒಂದೇ ಏಟಿಗೆ ಬರುವುದಿಲ್ಲ; ಸ್ವಲ್ಪ ಎಳೆದು, ಕಾಯಿಸಿ ಮೆದು ಮಾಡಿ, ಮತ್ತೆ ಎಳೆಯಬೇಕು. ಮೂರನೆಯ ಎಳೆತಕ್ಕೆ ತಳದ ಅಂಚು ಟಪ್ಪೆಂದು ಬಿಟ್ಟುಕೊಂಡಿತು. ಕಿರ್ರೆನ್ನುವ ಸದ್ದು ಅವರಿಗೆ ಕೇಳಲೇ ಇಲ್ಲ. ಬುಧವಾರದ ಹೊತ್ತಿಗೆ ತಳ ಹರಿದ ಹದಿನಾಲ್ಕು ಕಪ್‌ಗಳು ಮೂಲೆ ಸೇರಿದ್ದವು.

“ಏನಣ್ಣಾ, ನಿಮ್ಮ ಕಿವಿ ರಜಾ ಹಾಕಿದೆಯಾ?” ಎಂದರು ಮಾಲೀಕರು.

ಎಲ್ಲರೂ ನಕ್ಕರು. ಕಿವಿಯಣ್ಣನೂ ನಕ್ಕರು.

ಗುರುವಾರ ಮಧ್ಯಾಹ್ನ, ಊಟದ ಹೊತ್ತು. ಪಕ್ಕದ ಬೆಂಚಿನಲ್ಲಿ ಕಾರ್ಖಾನೆಯ ಬೆಸುಗೆ ಕೆಲಸದ ವೆಲ್ಡರಮ್ಮ ಕೂತಿದ್ದಳು, ಅವರಿಗಿಂತ ಹತ್ತು ವರ್ಷ ಚಿಕ್ಕವಳು.

“ಒಂದು ಮಾತು ಹೇಳ್ಬೇಕಮ್ಮಾ. ನನಗೆ ಬಲಗಿವಿ ಕೇಳಿಸ್ತಿಲ್ಲ. ಕಪ್ ಹರೀತಿರೋದು ಅದಕ್ಕೇ.”

ಅವಳು ಊಟದ ಡಬ್ಬಿ ಮುಚ್ಚಿಟ್ಟಳು. “ಕಿವಿ ವಿಷಯ ನನಗೂ ಅನುಮಾನ ಇತ್ತು. ಆದ್ರೆ ಅಣ್ಣಾ, ಬೆಳಿಗ್ಗೆ ನಿಮ್ಮ ಬೆನ್ನ ಹಿಂದೇನೇ ನಿಂತಿದ್ದೆ. ನನ್ನ ಎರಡು ಕಿವೀನೂ ನೆಟ್ಟಗಿವೆ, ನನಗೂ ಏನೂ ಕೇಳಿಸ್ಲಿಲ್ಲ. ಈ ತಗಡು ನರಳೋದೇ ಇಲ್ಲ, ಸೀದಾ ಪ್ರಾಣ ಬಿಡುತ್ತೆ. ಅಷ್ಟು ಆಳ ಅದರ ಕೈಲಿ ಆಗಲ್ಲ.”

“ಮತ್ತೇನು ಮಾಡೋದು?”

“ನೀವು ತಳಕ್ಕೆ ಎರಡಿಂಚಿನ ಬಟ್ಟಲು ಎಳೆದುಕೊಡಿ ಸಾಕು. ಮೇಲಿನ ಹತ್ತಿಂಚಿಗೆ ತಗಡನ್ನ ಕೊಳವೆ ಥರ ಸುತ್ತಿ ನಾನು ಬೆಸೀತೀನಿ.”

“ತೇಪೆ ಹಾಕಿದ ಕಪ್ಪಾ?”

“ತೂತು ಕಪ್ಪಿಗಿಂತ ವಾಸಿ ಬಿಡಿ.”

ಮಾಲೀಕರು ಆಸ್ಪತ್ರೆ ಯಂತ್ರದವರಿಗೆ ಫೋನ್ ಮಾಡಿ ಕೇಳಿದರು. ಒಳಗೆ ನುಣುಪಾಗಿರಬೇಕು, ಒಂದು ಹನಿಯೂ ಸೋರಬಾರದು, ಹಾಗಿದ್ದರೆ ಬೆಸುಗೆ ಆಗಬಹುದೆಂದು ಉತ್ತರ ಬಂತು.

ಶುಕ್ರವಾರವಿಡೀ ಇಬ್ಬರೂ ತಲೆಯೆತ್ತಲಿಲ್ಲ. ಬಟ್ಟಲಿಗೂ ಕೊಳವೆಗೂ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಬೆಸುಗೆ ಕೈಕೊಡುತ್ತದೆ. ಕಿವಿಯಣ್ಣ ಒಂದೊಂದು ಬಟ್ಟಲನ್ನೂ ಮೂರು ಮೂರು ಸಲ ಅಳೆದರು. ಅಳೆದದ್ದನ್ನೇ ನಂಬದೆ ಮತ್ತೆ ಅಳೆದರು.

ಶನಿವಾರ ಬೆಳಿಗ್ಗೆ ಹೊರಗಿನ ಬೆಸುಗೆಗೆ ಸುಣ್ಣ ಬಳಿದು, ಒಳಗೆ ಸೀಮೆಎಣ್ಣೆ ತುಂಬಿ ಆರನ್ನೂ ಮೇಜಿನ ಮೇಲೆ ನಿಲ್ಲಿಸಿದರು. ಎಲ್ಲಾದರೂ ಸೂಜಿಮೊನೆಯಷ್ಟು ಕಂಡಿ ಇದ್ದರೆ ಎಣ್ಣೆ ಜಿನುಗಿ ಸುಣ್ಣ ಒದ್ದೆಯಾಗಿ ಕಾಣುತ್ತದೆ. ಒಂದು ಗಂಟೆ ಕಾಯಬೇಕು. ಕಿವಿಯಣ್ಣ ಕೂರಲಾರದೆ ಮೇಜನ್ನು ಸುತ್ತು ಹಾಕುತ್ತಲೇ ಇದ್ದರು.

ಮುಕ್ಕಾಲು ಗಂಟೆಗೆ ಐದನೆಯ ಕಪ್ಪಿನಲ್ಲಿ ಬೇಳೆಯಷ್ಟು ಗಾತ್ರದ ಕಲೆ ಮೂಡಿತು. ಉದ್ದದ ಬೆಸುಗೆ ಸುತ್ತಿನ ಬೆಸುಗೆಯನ್ನು ಕೂಡುವ ಕಡೆ. ಕಿವಿಯಣ್ಣ ಮತ್ತೆ ಅಳತೆಪಟ್ಟಿಗೆ ಕೈ ಹಾಕಿದರು.

“ಇದು ನನ್ನ ತಪ್ಪು, ನಿಮ್ಮದಲ್ಲ,” ಎಂದು ವೆಲ್ಡರಮ್ಮ ಎಣ್ಣೆ ಬಸಿದು ಚೆನ್ನಾಗಿ ತೊಳೆದು ಒಣಗಿಸಿ, ಅಲ್ಲಿ ಉಜ್ಜಿ ತೆಗೆದು ಮತ್ತೆ ಬೆಸೆದಳು. ಮತ್ತೆ ಸುಣ್ಣ, ಮತ್ತೆ ಎಣ್ಣೆ, ಇನ್ನೊಂದು ಗಂಟೆ. ಈ ಸಲ ಸುಣ್ಣ ಬೆಳ್ಳಗೇ ಉಳಿಯಿತು. ಮಧ್ಯಾಹ್ನದ ವ್ಯಾನಿನಲ್ಲಿ ಆರೂ ಹೋದವು. ಸೋಮವಾರ ಒಪ್ಪಿಗೆಯೂ ಬಂತು.

ಅವತ್ತೇ ಕಿವಿಯಣ್ಣ ಮಾಲೀಕರ ಕೋಣೆಗೆ ಹೋಗಿ, ನಿಂತುಕೊಂಡೇ, ಕಿವಿಯ ವಿಷಯ ಹೇಳಿಬಿಟ್ಟರು. ಮನೆಗೆ ಕಳಿಸಿಬಿಡುತ್ತಾರೆಂದೇ ಅಂದುಕೊಂಡಿದ್ದರು.

“ಮೊದ್ಲೇ ಹೇಳೋದಲ್ವಾ ಅಣ್ಣಾ? ನಾನು ತಮಾಷೆ ಮಾಡ್ತಿದ್ನಲ್ಲ, ಛೆ,” ಎಂದರು ಮಾಲೀಕರು.

ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಆಕೆ ಅಚ್ಚರಿಪಡಲಿಲ್ಲ. “ಗೊತ್ತಿತ್ತು ಕಣ್ರೀ. ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ. ನಾಳೆ ಡಾಕ್ಟರ ಹತ್ರ ಹೋಗೋಣ.”

ಹೋದ ಶ್ರವಣಶಕ್ತಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು ಡಾಕ್ಟರು. ಮಾಲೀಕರು ಪ್ರೆಸ್ಸಿಗೆ ಒತ್ತಡ ತೋರಿಸುವ ಮುಳ್ಳಿನ ಮಾಪಕವೊಂದನ್ನು ಹಾಕಿಸಿದರು. ಕಿವಿಯಣ್ಣ ಈಗಲೂ ಅದೇ ಜಾಗದಲ್ಲಿ ನಿಂತು ಬಟ್ಟಲು ಎಳೆಯುತ್ತಾರೆ, ಕಣ್ಣು ಮುಳ್ಳಿನ ಮೇಲೆ. ಒಂದೊಂದು ಎಳೆತಕ್ಕೂ ಎದೆ ಒಮ್ಮೆ ಡವಗುಟ್ಟುವುದು ಮಾತ್ರ ಇನ್ನೂ ನಿಂತಿಲ್ಲ.